ರುಚಿ ಹೇಳುವವರಿಲ್ಲದ ಗ್ಲಾಸು

ಪ್ರಾಣೇಶರಾಯರು ಕುಡಿಯುವವರೇ ಅಲ್ಲ ಅಂದರೆ ಯಾರೂ ನಂಬುವುದಿಲ್ಲ. ಗೋವಾದ ಹೋಟೆಲೊಂದರ ಬಾರಿನಲ್ಲಿ ಹದಿನಾಲ್ಕು ವರ್ಷ ಕಾಕ್‌ಟೇಲ್ ಬೆರೆಸಿದ ಮನುಷ್ಯ! ಆದರೆ ಒಂದು ಗುಟುಕು ಒಳಗೆ ಹೋದರೆ ಸಾಕು, ಮೈತುಂಬ ದದ್ದು ಏಳುತ್ತವೆ, ಉಸಿರು ಹಿಡಿದುಕೊಳ್ಳುತ್ತದೆ. ಅವರು ಬೆರೆಸಿದ್ದು ಹೇಗಿದೆ ಅಂತ ಹೇಳುತ್ತಿದ್ದವನು ಅಲ್ಲಿನ ಅಡುಗೆಯವನು, ಹಾವೇರಿ ಹತ್ತಿರದ ಅಗಡಿಯ ಅಣ್ಣಾಜಿ. ಚಮಚದ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿ, “ನಿಂಬಿಹಣ್ಣು ಮುಂದ ಓಡೇದ, ಬೆಲ್ಲ ಹಿಂದ ಕುಂಟಕೋತ ಬರ್ಲಿಕ್ಕತ್ತದ” ಅನ್ನುತ್ತಿದ್ದ. ರಾಯರಿಗೆ ಅಷ್ಟೇ ಸಾಕು, ತಿದ್ದಿಬಿಡುತ್ತಿದ್ದರು.

೨೦೦೪ರಲ್ಲಿ ಅಣ್ಣಾಜಿ ಎದೆನೋವಿನಿಂದ ತೀರಿಕೊಂಡ. ಮರುವರ್ಷ ರಾಯರು ಬ್ಯಾಡಗಿಗೆ ಬಂದುಬಿಟ್ಟರು. ಮದುವೆ ಆಗಿರಲಿಲ್ಲ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ನೋಡಿಕೊಳ್ಳುವ ಕೆಲಸ, ಸ್ಟೇಷನ್ ರಸ್ತೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ.

ಆದರೆ ಕೈ ಸುಮ್ಮನಿರಬೇಕಲ್ಲ? ಕುಲುಕಿ ಬೆರೆಸಲು ಶೇಕರ್ ಇಲ್ಲ, ಮಜ್ಜಿಗೆಯ ಸ್ಟೀಲ್ ಕ್ಯಾನು ಇದೆ. ಗೋವಾದಲ್ಲಿ ಎರಡೇ ಹನಿ ಹಾಕುತ್ತಿದ್ದ ಕಹಿ ಅರ್ಕ ಇಲ್ಲಿ ಸಿಗುವುದಿಲ್ಲ, ಅದರ ಬದಲು ಬೇವಿನ ಹೂವನ್ನು ರಮ್ಮಿನಲ್ಲಿ ನೆನೆಹಾಕಿದರು. ಬೆಲ್ಲದ ಪಾಕದಲ್ಲಿ ಬ್ಯಾಡಗಿ ಮೆಣಸಿನಕಾಯಿ ಕುದಿಸಿ ಸೋಸಿದ್ದು, ಅದಕ್ಕೆ ರಮ್ಮು, ನಿಂಬೆರಸ, ಐಸು. ಬಣ್ಣವೋ, ಕಣ್ಣು ಕೀಳಲಾಗದಂಥ ಕೆಂಪು! ಎರಡು ವರ್ಷ ಐತವಾರಕ್ಕೊಮ್ಮೆ ಇದೊಂದನ್ನೇ ತಿದ್ದಿದರು. ಮಾಡುವುದು, ದೀಪಕ್ಕೆ ಹಿಡಿದು ನೋಡುವುದು, ಮೋರಿಗೆ ಸುರಿಯುವುದು. ಏನೋ ಒಂದು ಕಡಿಮೆ ಅಂತ ಅನುಮಾನ. ಏನದು ಅಂತ ಹೇಳಲು ಒಂದು ನಾಲಿಗೆ ಬೇಕಿತ್ತು. ನೆರೆಹೊರೆಯವರನ್ನು ಕರೆಯುವ ಹಾಗಿಲ್ಲ. ರಾಯರ ಮನೆಯಲ್ಲಿ ರಮ್ಮು ಅಂತ ಗೊತ್ತಾದರೆ ಮನೆ ಬಿಡಬೇಕಾದೀತು.

೨೦೦೮ರ ಸಂಕ್ರಾಂತಿಯ ಹಿಂದಿನ ಐತವಾರ, ತಡೆಯಲಾಗದೆ, ಸ್ಟೋರೇಜಿನ ಹಮಾಲ ಭರಮಣ್ಣನನ್ನು ಕರೆದು ಕೂರಿಸಿದರು.

“ರಾಯರ, ನಿಮ್ಮನ್ಯಾಗ ಇದು? ದೇವ್ರಾಣಿ ನಂಬಂಗಿಲ್ಲ ನಾ.”

“ನಾ ಕುಡ್ಯೂದಿಲ್ಲೋ, ಮಾಡ್ತೀನಿ ಅಷ್ಟ. ನೀ ಕುಡದು ಹೇಳು.”

ಭರಮಣ್ಣ ಒಂದು ಕ್ಷಣ ಬಾಗಿಲ ಕಡೆ ನೋಡಿದ. ಆಮೇಲೆ ಗಟಗಟ ಒಂದೇ ಏಟಿಗೆ ಖಾಲಿ ಮಾಡಿ ಐಸನ್ನೂ ಕಡಿದ.

“ಹ್ಯಾಂಗದ?”

“ಛಲೋ ಐತ್ರಿ.”

“ಛಲೋ ಅಂದ್ರ? ಮೊದಲ ನಾಲಿಗಿಗೆ ಏನ್ ಬಂತು? ಕಡೀಕ ಏನ್ ಉಳೀತು?”

“ಕಡೀಕ ಗ್ಲಾಸ್ ಉಳೀತ್ರಿ. ಇದೇನ್ ಕುಡಿಯೂದೋ, ಪರೀಕ್ಷಾ ಬರಿಯೂದೋ?”

ರಾಯರು ನಕ್ಕು ಇನ್ನೊಂದು ಬೆರೆಸಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ಹೊನ್ನವ್ವ. ಭರಮಣ್ಣನ ಹೆಂಡತಿ. ಮೆಣಸಿನಕಾಯಿ ತೊಟ್ಟು ಬಿಡಿಸಿ ಆರಿಸುವುದೇ ಇಪ್ಪತ್ತು ವರ್ಷದಿಂದ ಅವಳ ಕೆಲಸ.

“ಇಲ್ಲಿ ಬಂದು ಕುಂತೀಯೇನೋ ಮಹಾರಾಜ! ರಾಯರ ಮನ್ಯಾಗ ಪೂಜಿ ಐತೇನಂತ ಹಣಿಕಿದ್ರ, ತೀರ್ಥ ಬ್ಯಾರೇನ ಐತಿ!” ಗ್ಲಾಸು ಕಸಿದುಕೊಂಡು ಮೋರಿಯ ಕಡೆ ನಡೆದವಳು ನಿಂತಳು. ಮೂಗಿನ ಹತ್ತಿರ ಹಿಡಿದಳು. “ರಾಯರ, ಇದಕ್ಕ ಸ್ಟೋರಿನ ಕಾಯಿ ಹಾಕೀರೇನು?”

“ಹೌದವಾ. ಯಾಕ?”

“ಬರೇ ಬಣ್ಣ ಉಳದೈತ್ರಿ, ವಾಸನಿ ಸತ್ತೈತಿ. ವರ್ಷಗಟ್ಲೆ ತಂಪಿನ್ಯಾಗ ಬಿದ್ದದ್ದು ಮತ್ತೇನಾಕ್ಕೈತಿ? ಪ್ಯಾಟ್ಯಾಗ ಹೊಸಾ ಕಾಯಿ ಬರಾಕತ್ತೇತಲ್ಲ.”

ರಾಯರು ಬೆರಗಾದರು. ದಿನವಿಡೀ ಸ್ಟೋರೇಜಿನಲ್ಲೇ ಇದ್ದು, ಆ ತಣ್ಣನೆಯ ವಾಸನೆಯೇ ಮೆಣಸಿನಕಾಯಿಯ ವಾಸನೆ ಅಂದುಕೊಂಡುಬಿಟ್ಟಿದ್ದರು! ಎರಡು ವರ್ಷದ ಅನುಮಾನ ಒಂದೇ ಮಾತಿಗೆ ಬಗೆಹರಿದಿತ್ತು. “ಕುಂದ್ರವಾ, ಚಹಾ ಮಾಡ್ತೀನಿ” ಅಂದರು.

“ಬ್ಯಾಡ್ರಿ.” ಅವಳ ದನಿ ಇಳಿಯಿತು. “ದೇವರಗುಡ್ಡದಾಗ ಆಣಿ ಮಾಡಿಸಿ ಬಿಡಿಸಿದ್ನಿರಿ ಇವಗ. ಮೂರು ವರ್ಷ ಮುಟ್ಟಿದ್ದಿಲ್ಲ. ಕೈ ಮುಗಿತೇನಿ, ಇನ್ನ ಕರೀಬ್ಯಾಡ್ರಿ.”

ಭರಮಣ್ಣ ತಲೆ ತಗ್ಗಿಸಿಕೊಂಡೇ ಅವಳ ಹಿಂದೆ ಹೋದ. ರಾಯರಿಗೆ ಇದು ಗೊತ್ತೇ ಇರಲಿಲ್ಲ. ಮರುದಿನ ಅವನ ಹತ್ತಿರ ಹೋಗಿ, “ನಂದ ತಪ್ಪೋ, ನಾ ಕೇಳಬೇಕಿತ್ತು” ಅಂದರು. “ಇರ್ಲಿ ಬಿಡ್ರಿ” ಅಂದವನು ಚೀಲ ಹೊತ್ತು ನಡೆದುಬಿಟ್ಟ.

ಆ ಸಂಜೆ ಹೊಸ ಕಾಯಿ ತಂದು ಪಾಕ ಕುದಿಸಿದರು. ಮನೆಯೆಲ್ಲ ಘಮಘಮ. ಬೆರೆಸಿದ್ದನ್ನು ಎದುರು ಕುರ್ಚಿಯ ಮುಂದಿಟ್ಟು ಕೂತರು. ಕೇಳಬೇಕೆಂದರೆ ಕುರ್ಚಿಯಲ್ಲಿ ಯಾರೂ ಇಲ್ಲ. ಐಸು ಕರಗಿ ಗ್ಲಾಸು ಬೆವತು ಮೇಜೆಲ್ಲ ಒದ್ದೆಯಾಯಿತು.

ಈಗಲೂ ಐತವಾರಕ್ಕೊಂದು ಗ್ಲಾಸು ಮಾಡುತ್ತಾರೆ. ಸರಿಯಾಗಿದೆಯೋ ಇಲ್ಲವೋ, ಅವರಿಗೆ ಇನ್ನೂ ಗೊತ್ತಿಲ್ಲ. ನಿಮಗೆ ಒಂದೆರಡು ಗುಟುಕಿನ ರೂಢಿ ಇದ್ದರೆ, ಮನೆಯಲ್ಲಿ ಯಾರ ಆಣೆಯೂ ಇಲ್ಲದಿದ್ದರೆ, ದಯವಿಟ್ಟು ಹೋಗಿ ಬನ್ನಿ. ಹಾವೇರಿಯಿಂದಲೂ ರಾಣೆಬೆನ್ನೂರಿನಿಂದಲೂ ಬಸ್ಸಿದೆ. ಸ್ಟೇಷನ್ ರಸ್ತೆಯಲ್ಲಿ ಪ್ರಾಣೇಶರಾಯರ ಮನೆ ಅಂದರೆ ತೋರಿಸುತ್ತಾರೆ, ಯಾತಕ್ಕೆ ಬಂದಿರಿ ಅಂತ ಮಾತ್ರ ಹೇಳಬೇಡಿ. ಅವಸರ ಮಾಡದೆ ಕುಡಿಯಿರಿ, ನಾಲಿಗೆಗೆ ಏನನ್ನಿಸಿತೋ ಅದನ್ನು ಅವರಿಗೆ ಬಿಡಿಸಿ ಹೇಳಿ.