ಲೂಸಿಬಾಯಿಯ ಶರ್ಟು ಮೂಸಿ ನಾನು ಹೇಳಿದ್ದು

ಲೂಸಿಬಾಯಿಯನ್ನು ಪೊಲೀಸರ ಕೈಗೆ ಕೊಟ್ಟವಳು ನಾನು. ಸುಳ್ಳು ಹೇಳಿ ಕೊಡಲಿಲ್ಲ — ನಿಜ ಹೇಳಿ ಕೊಟ್ಟೆ. ನಾನೇನು ಸುಳ್ಳು ಹೇಳಿದೆನೇ ಎಂದು ನನಗೆ ನಾನೇ ಅಂದುಕೊಳ್ಳುತ್ತ ಇಷ್ಟು ವರ್ಷ ಕಳೆದೆ.

ಮುಂಬಯಿಯಲ್ಲಿ ದಾರೂಬಂದಿ ಇದ್ದ ಕಾಲ. ಕುಡಿಯುವುದೂ ಗುನ್ಹೆ, ಮಾರುವುದೂ ಗುನ್ಹೆ. ನಾವಿದ್ದದ್ದು ಭಾಂಡುಪಿನ ಒಂದು ಚಾಳಿನಲ್ಲಿ. ಲೂಸಿಬಾಯಿ ಪಕ್ಕದ ಖೋಲಿಯವಳು. ಮಂಗಳೂರ ಕಡೆಯ ಕ್ರಿಶ್ಚಿಯನ್ ಹೆಂಗಸು, ಗಂಡ ಸತ್ತಿದ್ದ, ಸ್ಟೆಲ್ಲಾ ಎಂಬ ಸಣ್ಣ ಮಗಳಿದ್ದಳು. ಫೋರ್ಟಿನ ಒಂದು ದರ್ಜಿ ಅಂಗಡಿಯಿಂದ ಬಿಳಿ ಶರ್ಟುಗಳನ್ನು ತಂದು, ಕಾಜಾ ಹೊಲಿದು, ಗುಂಡಿ ಹಚ್ಚಿ, ಗಂಟು ಕಟ್ಟಿ ಮರಳಿ ಒಯ್ಯುತ್ತಿದ್ದಳು. ನಾನು ವಿಜಾಪುರದ ಕಡೆಯವಳು. ಫೋರ್ಟಿನಲ್ಲೇ ನಮ್ಮ ಕಡೆಯವರ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಬುಟ್ಟಿಯಲ್ಲಿ ಒಯ್ಯುತ್ತಿದ್ದೆ. ರೊಟ್ಟಿಯ ಕೆಳಗೆ ಸೈಕಲ್ ಟ್ಯೂಬು, ಟ್ಯೂಬಿನ ತುಂಬ ಕಳ್ಳಭಟ್ಟಿ. ನನ್ನ ಗಂಡನ ಕೈ ಕಾರ್ಖಾನೆಯ ಮಶೀನಿಗೆ ಸಿಕ್ಕು ಹೋಗಿತ್ತು. ನೀವು ಮರುಗಲಿ ಎಂದು ಇದನ್ನು ಹೇಳಿದ್ದಲ್ಲ. ಲೂಸಿಗೆ ಗಂಡನೇ ಇರಲಿಲ್ಲ. ಆದರೂ ಅವಳು ಕಾಜಾ ಹೊಲಿದಳು, ನಾನು ದಾರೂ ಹೊತ್ತೆ.

ವಿ.ಟಿ. ಸ್ಟೇಷನ್ನಿನ ಗೇಟಿನಲ್ಲಿ ಹವಾಲ್ದಾರರು ನಿಂತಿರುತ್ತಿದ್ದರು. ಫ್ರಾಕು ಹಾಕಿದವಳು, ಕೊರಳಲ್ಲಿ ಶಿಲುಬೆ ಇದ್ದವಳು ಎಂದರೆ ದಾರೂ ಮಾರುವವಳು — ಅವರಿಗೆ ಅಷ್ಟೇ ಗೊತ್ತು. ಲೂಸಿಯ ಗಂಟು ಬಿಚ್ಚಿಸಿ ಶರ್ಟುಗಳನ್ನು ನೆಲಕ್ಕೆ ಕೆಡವುವರು. ಬಾಯಿ ತೆರೆ ಎಂದು ಮೂಸುವರು. ನಾನು ಇಳಕಲ್ ಸೀರೆ ಉಟ್ಟು ಹಣೆ ತುಂಬ ಕುಂಕುಮ ಇಟ್ಟವಳು. ನನ್ನ ಬುಟ್ಟಿಯನ್ನು ಒಬ್ಬನೂ ಮುಟ್ಟಲಿಲ್ಲ.

ಇದು ನನಗೆ ಬೇಗ ತಿಳಿಯಿತು. ತಿಳಿದ ಮೇಲೆ ನಾನು — ಬರೆಯಲಿಕ್ಕೆ ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ — ಅವಳು ಹತ್ತುವ ಲೋಕಲನ್ನೇ ಹತ್ತತೊಡಗಿದೆ. ಗೇಟು ಹತ್ತಿರ ಬಂದಾಗ ಬೇಕೆಂದೇ ಹಿಂದೆ ಉಳಿಯುತ್ತಿದ್ದೆ. ಅವರು ಅವಳ ಗಂಟಿಗೆ ಬಾಗಿದಾಗ ನಾನು ದಾಟಿಬಿಡುತ್ತಿದ್ದೆ. ಅವಳು ಅದನ್ನು ಸ್ನೇಹ ಎಂದುಕೊಂಡಳು.

"ನೀನೊಬ್ಬಳು ಜೊತೆಗಿದ್ದೀ ಅಂತ ಧೈರ್ಯ, ಗಂಗಕ್ಕ. ದಿನಾ ಇವರ ಎದುರು ಬಾಯಿ ತೆರೀಲಿಕ್ಕೆ ನಾನೆಂತ ಸಂತೆಯ ಎಮ್ಮೆಯಾ?"

"ನಾಳೆ ಹಸೀ ಉಳ್ಳಾಗಡ್ಡಿ ತಿಂದು ಬಾರವಾ. ಮೂಸಿದಾಂವ ಅಲ್ಲೇ ಬೀಳ್ಲಿ."

"ಬಿದ್ರೆ ಅದಕ್ಕೂ ನನ್ನ ಮೇಲೆಯೇ ಕೇಸು, ಮಾರಾಯ್ತಿ!"

ಇಬ್ಬರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಆ ದಿನ ಲೋಕಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳ ಗಂಟಿನ ಮೇಲೆ ನನ್ನ ಬುಟ್ಟಿ ಇಟ್ಟುಕೊಂಡು ನಿಂತಿದ್ದೆವು. ಇಳಿಯುವಾಗ ಬುಟ್ಟಿ ಎತ್ತಿದರೆ ಹಗುರ. ಟ್ಯೂಬಿನ ಕಟ್ಟು ಸಡಿಲಾಗಿತ್ತು, ಗಂಟಿನ ಒಂದು ಮೂಲೆ ಒದ್ದೆಯಾಗಿತ್ತು. ಅವಸರದಲ್ಲಿದ್ದ ಅವಳು ನೋಡಲಿಲ್ಲ, ನಾನು ನೋಡಿದೆ. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಜೊತೆಯಲ್ಲೇ ನಡೆದೆವು. ಹೇಳಲಿಕ್ಕೆ ಅಷ್ಟು ಹೊತ್ತಿತ್ತು. ಗಂಟು ಬಿಸಾಡು ಎಂದಿದ್ದರೂ ಸಾಕಿತ್ತು —

ಹವಾಲ್ದಾರ ಒಂದು ಶರ್ಟು ಎತ್ತಿ ಮೂಸಿದ. ಲೂಸಿಯ ತೋಳು ಹಿಡಿದ.

"ದೇವರಾಣೆ ಸಾಹೇಬ್, ನಂದಲ್ಲ! ಎಲ್ಲಿಂದ ಬಂತೋ ನಂಗೊತ್ತಿಲ್ಲ!"

ಅವನಿಗೆ ಕನ್ನಡ ಬಾರದು. ಬಂದಿದ್ದರೂ ಕೇಳುತ್ತಿರಲಿಲ್ಲ. ಸಾಕ್ಷಿಗೆ ಒಬ್ಬರು ಬೇಕಾಗಿ ಸುತ್ತ ನೋಡಿದ. ಅವಳಿಗೆ ಮರಾಠಿಯ ಏಕವಚನದಲ್ಲಿ 'ತೂ' ಎಂದವನು ನನ್ನನ್ನು 'ತುಮ್ಹೀ' ಎಂದು ಕರೆದ. "ಬಾಯೀ, ತುಮ್ಹೀ ಸಾಂಗಾ. ದಾರೂ ಕೀ ಪಾಣೀ?" ನೀವೇ ಹೇಳಿ ತಾಯಿ, ಇದು ದಾರೂವೋ ನೀರೋ.

ಲೂಸಿ ನನ್ನ ಕಡೆ ತಿರುಗಿದಳು. ಅವಳ ಮುಖಕ್ಕೆ ಜೀವ ಬಂದಂತಾಯಿತು. ಗಂಗಕ್ಕ ಇದ್ದಾಳೆ, ಗಂಗಕ್ಕ ಹೇಳುತ್ತಾಳೆ ಎಂದು...

ದಾರೂ ತೊಟ್ಟಿಕ್ಕುವ ಬುಟ್ಟಿ ನನ್ನ ಸೊಂಟದ ಮೇಲಿತ್ತು. ನಾನು ಶರ್ಟು ಮೂಸಿದೆ. "ಹೋ. ದಾರೂ," ಎಂದೆ. ಹೌದು, ದಾರೂ. ರೊಟ್ಟಿ ಆರುತ್ತವೆ ಎಂದು ಅವನಿಗೆ ಹೇಳಿ ಗೇಟು ದಾಟಿದೆ.

ಅವಳನ್ನು ಕೆಲವು ದಿನ ಒಳಗಿಟ್ಟು ಬಿಟ್ಟರು. ದರ್ಜಿ ಮತ್ತೆ ಕೆಲಸ ಕೊಡಲಿಲ್ಲ. ಪೊಲೀಸರು ಚಾಳಿನಲ್ಲಿದ್ದ ಕ್ರಿಶ್ಚಿಯನ್ನರ ಖೋಲಿಗಳನ್ನೆಲ್ಲ ಹೊಕ್ಕು ಹಾಸಿಗೆ ಹರಿದು ಹುಡುಕಿದರು. ನಮ್ಮ ಬಾಗಿಲಿಗೆ ಬರಲಿಲ್ಲ. "ಆ ಮಂದೀನ ಹಂಗ" ಎಂದರು ನಳದ ಹತ್ತಿರ ಹೆಂಗಸರು. ನಾನು ಕೊಡ ತುಂಬಿಸುತ್ತ ಹೂಂ ಎಂದೆ.

ಲೂಸಿ ನನ್ನನ್ನು ಬೈಯಲೂ ಇಲ್ಲ. "ವಾಸನೆ ಇದ್ದದ್ದು ಹೌದಲ್ಲ ಗಂಗಕ್ಕ. ಪೊಲೀಸರ ಎದುರು ನೀನು ಎಂತ ಮಾಡ್ಲಿಕ್ಕುಂಟು?" ಎಂದಳು. ಬೇರೆ ಕೆಲಸ ಹುಡುಕಲು ಹೊರಟಾಗ ಫ್ರಾಕು ಬಿಟ್ಟು ಸೀರೆ ಉಡುತ್ತೇನೆಂದಳು. ನಿರಿಗೆ ಹಿಡಿದುಕೊಟ್ಟವಳೂ ನಾನೇ. ಶಿಲುಬೆಯನ್ನು ಅವಳು ರವಿಕೆಯೊಳಗೆ ಹಾಕಿಕೊಂಡಳು. ಆಗಲೂ ದಾರೂ ನನ್ನದೆಂದು ನಾನು ಹೇಳಲಿಲ್ಲ. ಟ್ಯೂಬು ಹೊರುವುದನ್ನು ಬಿಟ್ಟೆ ನಿಜ. ಅದು ಭಯಕ್ಕೆ ಬಿಟ್ಟದ್ದು, ಪಶ್ಚಾತ್ತಾಪಕ್ಕಲ್ಲ.

ಲೂಸಿ ತೀರಿ ಬಹಳ ಕಾಲವಾಯಿತು. ಸ್ಟೆಲ್ಲಾ ಈಗ ಕಾಂದಿವಲಿಯಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಚಹಾ ಕೊಟ್ಟು ಎದುರು ಕೂತವಳು ತಾನಾಗಿ ಆ ಮಾತು ತೆಗೆದಳು.

"ಮಮ್ಮಿ ದಾರೂ ಸಾಗಿಸಿದ್ದು ನನ್ನ ಹೊಟ್ಟೆಗೇ ಅಲ್ವಾ, ಆಂಟಿ? ನಾನು ಯಾವಾಗ್ಲೋ ಮಾಫ್ ಮಾಡಿದೆ. ಆದ್ರೆ ಸಾಯೋ ತನಕ ನನ್ನ ಹತ್ರ ಒಪ್ಕೊಳ್ಳಲೇ ಇಲ್ಲ ನೋಡಿ. ಅದೇ ನಂಗೆ ಬೇಜಾರು."

ಹೆತ್ತ ಮಗಳು ನಂಬಲಿಲ್ಲ. ಮಾಡದ ತಪ್ಪಿಗೆ ತಾಯಿಯನ್ನು ಕ್ಷಮಿಸಿ, ಒಪ್ಪದ ತಾಯಿಯ ಮೇಲೆ ಮುನಿಸು ಹೊತ್ತು ಇಷ್ಟು ವರ್ಷ — ಮತ್ತೆ ನಾನು ಅವಳ ಚಹಾ ಕುಡಿದು, ಲೋಟ ಇಟ್ಟು, ಎದ್ದು ಬಂದೆ.

ಭಾನುವಾರ ಇಗರ್ಜಿ ಮುಗಿಸಿ ಸ್ಟೆಲ್ಲಾ ಮನೆಯಲ್ಲಿರುತ್ತಾಳೆ. ಹೋಗುತ್ತೇನೆ. ಮಾಫಿ ಕೇಳಲಿಕ್ಕಲ್ಲ, ಅದನ್ನು ಕೊಡಬೇಕಾದವಳು ಇಲ್ಲ. ದಾರೂ ನನ್ನದು, ನಿನ್ನ ತಾಯಿಗೆ ಒಪ್ಪಿಕೊಳ್ಳಲು ಏನೂ ಇರಲಿಲ್ಲ ಎಂದು ಹೇಳಬೇಕು. ಅವಳು ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ — ನಾನು ಹೇಳಿದ ಮೇಲೆ ಹಾಕಿಕೊಳ್ಳಲಿ.