ಚರ್ಚಿನ ಕೀಲಿ ಅತ್ತೆಯ ಸೊಂಟದಲ್ಲಿ

ಅನುಮಾನ ಪಡುವುದರಲ್ಲಿ ನಮ್ಮ ಅತ್ತೆ ಎತ್ತಿದ ಕೈ. ಹಾಲಿನವನು ಬೇಗ ಬಂದರೆ ನೀರು ಬೆರೆಸಿದ್ದಾನೆ, ತಡವಾಗಿ ಬಂದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಸಕ್ಕರೆ ಡಬ್ಬಿಯೊಳಗೆ ಚಮಚದಿಂದ ಗೆರೆ ಎಳೆದಿಡುತ್ತಿದ್ದರು. ನಾನೇನು ಕಮ್ಮಿಯವಳಲ್ಲ, ಬೇಕಾದಷ್ಟು ತೆಗೆದುಕೊಂಡು ಅಂಥದ್ದೇ ಗೆರೆ ಎಳೆದಿಡುತ್ತಿದ್ದೆ. ಕೊನೆಗೆ ಒಬ್ಬರ ಬುದ್ಧಿ ಇನ್ನೊಬ್ಬರಿಗೆ ತಿಳಿದು ಸಂಸಾರ ಸಲೀಸಾಯಿತು.

ಇಂಥವರ ಸೊಂಟದಲ್ಲಿ ಚರ್ಚಿನ ಕೀಲಿ ಇತ್ತು. ನಮ್ಮ ಮನೆಯ ಎದುರಿಗೇ ಆ ಹಳೆಯ ಕಲ್ಲಿನ ಚರ್ಚು. ವಾರಕ್ಕೊಮ್ಮೆ ಪ್ರಾರ್ಥನೆ, ಉಳಿದ ದಿನವೆಲ್ಲ ಬೀಗ. ಆದರೆ ಪ್ರವಾಸದ ಪುಸ್ತಕಗಳಲ್ಲಿ ಅದರ ಚಿತ್ರ ಇರುವುದರಿಂದ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಾಗಿಲು ತಳ್ಳಿ ನೋಡುತ್ತಾರೆ, ಪಕ್ಕದಲ್ಲಿ 'ಕೀಲಿ ಎದುರು ಮನೆಯಲ್ಲಿ' ಎಂಬ ಹಲಗೆ ಕಾಣುತ್ತದೆ, ರಸ್ತೆ ದಾಟಿ ನಮ್ಮ ಮನೆ ಬಾಗಿಲು ಬಡಿಯುತ್ತಾರೆ. ಅಲ್ಲಿಂದ ಅವರ ಗ್ರಹಚಾರ ಶುರು.

"ಎಲ್ಲಿಂದ ಬಂದ್ರಿ? ನಿಮಗೆ ಇದರ ವಿಷಯ ಯಾರು ಹೇಳಿದ್ರು? ನೋಡೋಕೆ ಬಂದವರಿಗೆ ಇಷ್ಟು ದೊಡ್ಡ ಚೀಲ ಯಾಕೆ?"

ಉತ್ತರ ಹಿಡಿಸಿದರೂ ಕೀಲಿ ಸುಮ್ಮನೆ ಸಿಗುತ್ತಿರಲಿಲ್ಲ. ಎಡಗಾಲಿನ ಚಪ್ಪಲಿಯೋ ಬೂಟೋ ನಮ್ಮ ಹೊಸ್ತಿಲ ಬಳಿ ಒತ್ತೆ ಇಡಬೇಕು. ಒಂಟಿ ಬೂಟಿನಲ್ಲಿ ಯಾವ ಕಳ್ಳನೂ ಓಡಲಾರ ಎಂಬುದು ಅತ್ತೆಯ ಲೆಕ್ಕಾಚಾರ. ಗಡ್ಡ ನೆರೆತ ಪ್ರೊಫೆಸರುಗಳು ಕುಂಟುತ್ತಾ ರಸ್ತೆ ದಾಟುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿ ನಕ್ಕಿದ್ದೇನೆ. ಎಷ್ಟೋ ಜನ ಈ ಉಸಾಬರಿಯೇ ಬೇಡವೆಂದು ವಾಪಸ್ಸು ಹೋಗುತ್ತಿದ್ದರು. ಹೋದವರೆಲ್ಲ ಕಳ್ಳರೇ ಆಗಿದ್ದರು ಎಂದು ಅತ್ತೆ ತೀರ್ಮಾನಿಸುತ್ತಿದ್ದರು.

ಕೀಲಿ ಮೊದಲು ಮಾವನವರ ಹೆಸರಿನಲ್ಲಿತ್ತು. ಅವರು ಯಂತ್ರಗಳ ಕಾರ್ಖಾನೆಯಲ್ಲಿ ಫಿಟ್ಟರ್. ಮಾತು ಕಮ್ಮಿ, ಕೈ ಚುರುಕು. ಹೆಸರು ಅವರದ್ದಾದರೂ ಕಾವಲು ಆವತ್ತಿನಿಂದಲೇ ಅತ್ತೆಯದು. ಮಾವ ತೀರಿಕೊಂಡ ಮೇಲೆ ಚರ್ಚಿನ ಸಮಿತಿಯವರು ಕೀಲಿಯನ್ನು ಅವರಲ್ಲೇ ಬಿಟ್ಟರು. "ಅವರು ನನಗೆ ಅಂತ ಬಿಟ್ಟುಹೋಗಿದ್ದು ಇದೊಂದೇ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಪಕ್ಕದಲ್ಲೇ ಕುಳಿತಿರುತ್ತಿದ್ದ ಮಗ ಲೆಕ್ಕಕ್ಕಿಲ್ಲ.

ಹೀಗಿರುವಾಗ ಇನ್ನೊಂದು ಊರಿನ ಹಳೆಯ ಚರ್ಚಿನಿಂದ ಬೆಳ್ಳಿಯ ಬಟ್ಟಲು ಕಳುವಾಯಿತು. ಸಮಿತಿಯ ಕಾರ್ಯದರ್ಶಿ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತು, "ಇಲ್ಲಿಂದ ಒಂದು ಸಾಮಾನು ಹೋದರೂ ಕೀಲಿ ವಾಪಸ್ ತಗೋತೀವಿ. ಆಮೇಲೆ ಪ್ರಾರ್ಥನೆ ದಿನ ಬಿಟ್ಟು ಬಾಗಿಲು ತೆಗೆಯೋದೇ ಇಲ್ಲ" ಎಂದರು. ಅತ್ತೆಯ ಮುಖ ಬಿಳಿಚಿಕೊಂಡಿತು. ಅಂದಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಮಧ್ಯಾಹ್ನದ ನಿದ್ದೆಯೊಂದನ್ನು ಮಾತ್ರ ಬಿಡಲಾಗಲಿಲ್ಲ, ವಯಸ್ಸು ಕೇಳಬೇಕಲ್ಲ. ಮೇಣದಬತ್ತಿಗಳನ್ನೂ ಎಣಿಸುತ್ತಿದ್ದರು. ವಿಚಿತ್ರವೆಂದರೆ ಬತ್ತಿ ಕಮ್ಮಿಯಾಗುವ ಬದಲು ಒಂದೆರಡು ಹೆಚ್ಚಾಗಿರುತ್ತಿದ್ದವು. ಯಾರೋ ಒಳ್ಳೆಯದನ್ನು ಕದ್ದು ಕಳಪೆ ಮಾಲು ತುಂಬುತ್ತಿದ್ದಾರೆ ಎಂದು ಅದಕ್ಕೂ ಅನುಮಾನ.

ಆ ಮನುಷ್ಯ ಬಂದದ್ದು ಆ ದಿನಗಳಲ್ಲೇ. ನಡುವಯಸ್ಸು, ಮಾಸಿದ ಕೋಟು, ಹೆಗಲಿಗೊಂದು ಚರ್ಮದ ಚೀಲ. ಮರುಮಾತಿಲ್ಲದೆ ಬೂಟು ಬಿಚ್ಚಿಟ್ಟ. ಅದೇ ಮೊದಲ ತಪ್ಪು. "ಇಷ್ಟು ಸುಲಭಕ್ಕೆ ಯಾರಾದ್ರೂ ಬಿಚ್ತಾರಾ?" ಎಂದರು ಅತ್ತೆ. ಮುಂದಿನ ವಾರ ಮತ್ತೆ ಬಂದ. ಈ ಸಲ ನನಗೂ ಅನುಮಾನ ಬಂತು. ಎಲ್ಲರೂ ನೋಡುವ ಬಣ್ಣದ ಗಾಜು ಅವನಿಗೆ ಬೇಡ, ಮರದ ಕೆತ್ತನೆ ಬೇಡ, ಕ್ಯಾಮೆರಾ ಮೊದಲೇ ಇಲ್ಲ. ಬಾಗಿಲ ಬಳಿಯೇ ಸುಳಿದಾಡುತ್ತಿದ್ದ. ಅತ್ತೆ ನನ್ನ ಕೈಗೆ ಪೊರಕೆ ಕೊಟ್ಟು, "ಗುಡಿಸೋ ಹಾಗೆ ಮಾಡು, ಕಣ್ಣು ಅವನ ಮೇಲಿರಲಿ" ಎಂದು ಅಟ್ಟಿದರು.

ಹೋಗಿ ನೋಡಿದರೆ, ಆಸಾಮಿ ತೆರೆದ ಬಾಗಿಲಿನ ಮುಂದೆ ಮಂಡಿಯೂರಿ, ಬೀಗದ ಅಂಚಿಗೆ ಟಾರ್ಚ್ ಹಿಡಿದು, ಒಂದು ಸಣ್ಣ ಕಡ್ಡಿಯಿಂದ ಏನನ್ನೋ ಅಳೆಯುತ್ತಿದ್ದಾನೆ. ನಾನು ಪೊರಕೆ ಎತ್ತಿದೆ. ನನ್ನ ಹಿಂದೆಯೇ ಬಂದಿದ್ದ ಅತ್ತೆ ಅದಕ್ಕೂ ಮೊದಲು ಬಾಯಿ ಎತ್ತಿದರು.

"ಬೀಗಕ್ಕೆ ಕೈ ಹಾಕ್ತಿದೀಯಾ? ಏಳು ಮೇಲೆ. ಪೊಲೀಸರನ್ನ ಕರೆಸ್ತೀನಿ."

ಅವನು ಎದ್ದು ಮಂಡಿ ಒರೆಸಿಕೊಂಡ. "ನಾನು ಬೀಗ ರಿಪೇರಿಯವನು, ಅಮ್ಮ. ರಜಾ ಸಿಕ್ಕಾಗ ಹಳೇ ಚರ್ಚುಗಳನ್ನ ನೋಡ್ಕೊಂಡು ಬರ್ತೀನಿ. ಬಾಗಿಲು ತೆಗೆದಿದ್ರೆ ಒಳಗೆ ನೋಡ್ತೀನಿ, ಹಾಕಿದ್ರೆ ಬೀಗ ನೋಡ್ತೀನಿ. ಅರ್ಧಕ್ಕರ್ಧ ಹಾಕಿರ್ತವೆ, ಬೇರೆಯವರ ಹಾಗೆ ನನಗೆ ಬೇಜಾರಾಗಲ್ಲ."

"ಇಲ್ಲಿ ಏನಿದೆ ಅಂತ ಮತ್ತೆ ಮತ್ತೆ ಬರೋದು?"

ಅವನು ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದ. "ನಿಮ್ಮ ಹತ್ರ ಬೂಟು ಬಿಚ್ಚಿಡೋಕೂ ಮೊದಲು ಒಂದು ಸಲ ಬಂದಿದ್ದೆ, ಮಧ್ಯಾಹ್ನ, ನಿಮ್ಮನೆಯಲ್ಲಿ ಯಾರೂ ಏಳಲಿಲ್ಲ. ಬಾಗಿಲಿನ ಬಳೆ ಎತ್ತಿ ಹಿಡಿದು ಒರಗಿ ನಿಂತಿದ್ದೆ. ಬಾಗಿಲು ತೆರೆದುಕೊಂಡುಬಿಡ್ತು. ಬೀಗ ಹಾಕಿದ್ದ ಬಾಗಿಲು."

"ಸುಳ್ಳು" ಎಂದರು ಅತ್ತೆ. "ನಾನೇ ಬೀಗ ಹಾಕಿ ಎಳೆದು ನೋಡ್ತೀನಿ."

"ಎಳೆದರೆ ಬರಲ್ಲ. ನೀವೇ ಹಾಕಿ, ನೋಡೋಣ."

ಅತ್ತೆ ಬಾಗಿಲು ಮುಚ್ಚಿ ಕೀಲಿ ತಿರುಗಿಸಿದರು. ಒಳಗೆ ಟಕ್ಕೆಂದಿತು. ಎಳೆದು ನೋಡಿದರು, ಭದ್ರವಾಗಿತ್ತು. ಅವನು ಬಾಗಿಲಿನ ಕಬ್ಬಿಣದ ಬಳೆ ಹಿಡಿದು ಒಂಚೂರು ಮೇಲೆತ್ತಿ, ಭುಜ ಕೊಟ್ಟು ತಳ್ಳಿದ. ಅಷ್ಟು ದೊಡ್ಡ ಬಾಗಿಲು ತುಟಿ ಪಿಟಕ್ಕೆನ್ನದೆ ತೆರೆದುಕೊಂಡಿತು.

ಅತ್ತೆ ಕೀಲಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಎಷ್ಟೋ ವರ್ಷ ಬೂಟು ಒತ್ತೆ ಇಟ್ಟುಕೊಂಡು ಕಾದದ್ದು ಇದನ್ನೇ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಹಳೇದು, ಸವೆದಿರಬೇಕು" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಸವೆದಿದ್ದಲ್ಲ" ಎಂದ ಅವನು. "ಬೀಗದ ನಾಲಿಗೆಯನ್ನ ಯಾರೋ ಅರ ಹಾಕಿ ಉಜ್ಜಿ ಗಿಡ್ಡ ಮಾಡಿದ್ದಾರೆ. ಉಗುರಿನಷ್ಟು ಮಾತ್ರ ಚೌಕಟ್ಟಿಗೆ ಸಿಕ್ಕೋ ಹಾಗೆ. ಅದನ್ನೇ ಅಳೀತಾ ಇದ್ದೆ. ಬಹಳ ಹಿಂದೆ ಮಾಡಿದ್ದು, ಒಳ್ಳೇ ಕೈ. ಕಳ್ಳರು ಇಷ್ಟು ತಾಳ್ಮೆಯಿಂದ ಮಾಡಲ್ಲ."

ಅತ್ತೆ ಕಲ್ಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಯಾರ ಕೈ ಎಂದು ನಮ್ಮಿಬ್ಬರಿಗೂ ಹೇಳಬೇಕಾಗಿರಲಿಲ್ಲ. "ನಿಮ್ಮ ಮಾವ ಬೀಗ ಬಿಚ್ಚಿಕೊಂಡು ಹೋಗಿದ್ರು ಒಂದು ಸಲ" ಎಂದರು ಆಮೇಲೆ. "ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟು ತರ್ತೀನಿ ಅಂದ್ರು. ಎಣ್ಣೆ ಬಿಡೋಕೆ ಇಷ್ಟು ಹೊತ್ತಾ ಅಂತ ಆವತ್ತೇ ಅನುಮಾನ ಬಂದಿತ್ತು ನನಗೆ. ಎಲ್ಲಿ ಹೋಗಿದ್ರೋ ಅಂತ ಬೇರೇನೇನೋ ಅಂದುಕೊಂಡೆ."

ಬೀಗದವನು ಹೊಸ ನಾಲಿಗೆ ಹಾಕಿಕೊಡುತ್ತೇನೆ, ಕೂಲಿ ಬೇಡ ಎಂದ. ಅತ್ತೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ಕಡೆ ನಡೆದರು. ನಾನೇ ಅವನ ಬೂಟು ತಂದುಕೊಟ್ಟು ಕಳಿಸಿದೆ.

ರಾತ್ರಿ ಊಟಕ್ಕೆ ಕುಳಿತಾಗ ಅತ್ತೆ ಮಗನನ್ನು ನೇರವಾಗಿ ಕೇಳಿದರು, "ಚರ್ಚಿನ ಬಾಗಿಲು ಬಳೆ ಎತ್ತಿ ತಳ್ಳಿದ್ರೆ ತೆಗೆಯುತ್ತೆ ಅಂತ ನಿನಗೆ ಗೊತ್ತಾ?" ನನ್ನ ಗಂಡನ ತುತ್ತು ಅರ್ಧದಲ್ಲೇ ನಿಂತಿತು. ಅವರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಹೇಳುವ ಮೊದಲೇ ಆಗಿತ್ತು.

"ಅಪ್ಪನೇ ತೋರಿಸಿಕೊಟ್ಟಿದ್ರು" ಎಂದರು. "ಬೀದಿಯವರಿಗೆಲ್ಲ ಗೊತ್ತಮ್ಮ. ಆಸ್ಪತ್ರೆ ನರ್ಸು ಡ್ಯೂಟಿ ಮುಗಿಸಿ ಬಂದು ಕೂತಿರ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಟೈಲರು ದಿನಾ ಬರ್ತಾನೆ. ನೀನು ಮಲಗಿದಾಗ ಹೋಗಿ, ನೀನು ಏಳೋದ್ರೊಳಗೆ ಬರ್ತಾರೆ. ಒಂದು ಸಾಮಾನು ಮುಟ್ಟಿಲ್ಲ. ಮೇಣದಬತ್ತಿನೂ ಅವರೇ ತಂದಿಡೋದು."

"ನನಗ್ಯಾಕೆ ಹೇಳಲಿಲ್ಲ?" ಎಂದು ನಾನು ರೇಗಿದೆ. ನನಗೂ ಹೊಟ್ಟೆ ಉರಿದಿತ್ತು.

"ನೀನು ಅಮ್ಮನ ಪಾರ್ಟಿ" ಎಂದರು ಗಂಡ. ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು.

ಕಾರ್ಯದರ್ಶಿ ಮುಂದಿನ ಸಲ ಬಂದು ಬೀಗ ಭದ್ರವಾಗಿದೆಯೇ ಎಂದು ಕೇಳಿದಾಗ ನಾನು ಅತ್ತೆಯ ಮುಖ ನೋಡಿದೆ. ನಿಜ ಹೇಳಿದರೆ ಹೊಸ ಬೀಗ ಬರುತ್ತದೆ, ಕೀಲಿ ಹೋಗುತ್ತದೆ, ನರ್ಸು ಮತ್ತು ಟೈಲರು ಹೊರಗೆ ಉಳಿಯುತ್ತಾರೆ. ಅತ್ತೆ ಕಾರ್ಯದರ್ಶಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾನಿರೋವಾಗ ಬೀಗದ ಚಿಂತೆ ನಿಮಗ್ಯಾಕೆ? ಒಳಗೆ ಹೋಗಿ ನೋಡೋದಾದ್ರೆ ಬೂಟು ಬಿಚ್ಚಿಡಿ" ಎಂದರು. ಅವರು ನೋಡದೆಯೇ ಹೋದರು.

ಬೀಗದವನನ್ನು ಅತ್ತೆ ಮತ್ತೆ ಕರೆಸಲಿಲ್ಲ. ಪ್ರವಾಸಿಗಳಿಗೆ ಅದೇ ಪ್ರಶ್ನೆ, ಅದೇ ದಬಾಯಿಸುವಿಕೆ. ಮಧ್ಯಾಹ್ನ ಮಾತ್ರ ಕಿಟಕಿಯ ಪರದೆ ಎಳೆದು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಮೊನ್ನೆ ಬಟ್ಟೆ ಮಡಚಲು ಪಕ್ಕದಲ್ಲಿ ಕುಳಿತಿದ್ದೆ. ಎದುರಿನ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳವಾಯಿತು. ಕಬ್ಬಿಣದ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಅತ್ತೆ ಅಲ್ಲಾಡಲಿಲ್ಲ.

"ನನಗೊಂದು ಮಾತು ಹೇಳಬೋದಿತ್ತು ನಿಮ್ಮ ಮಾವ" ಎಂದರು.

"ಹೇಳಿದ್ರೆ ನೀವು ಬಿಡ್ತಿದ್ರಾ?" ಎಂದೆ.

ಅವರು ಗೋಡೆಯ ಕಡೆ ಹೊರಳಿದರು. "ಬಿಡ್ತಿರಲಿಲ್ಲ."

ನಾನು ಬಟ್ಟೆಯನ್ನೆಲ್ಲ ಮಡಚಿ ಮುಗಿಸಿ ಏಳುವಾಗ ಮತ್ತೆ ಮಾತಾಡಿದರು, "ಆದ್ರೂ ಹೇಳಬೋದಿತ್ತು."