ಆಶಾರಾಣಿ ಹುದುಗಿಸಿಟ್ಟ ಚೀಟಿ

ಶ್ರೀನಿವಾಸಪುರದ ಶ್ರೀರಾಮಪ್ಪನ ಮಾವಿನ ಮಂಡಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ಆಶಾರಾಣಿ ನಗೆಪಾಟಲಾಗಿದ್ದಳು. ಅವಳ ಊರು ರಾಯಲ್ಪಾಡು. ಅವರ ಮನೆಯಲ್ಲಿ ನೆಂಟರಿಗೆ ಹಣ್ಣು ಕಳಿಸುವಾಗ ಹೆಸರಿನ ಚೀಟಿಯನ್ನು ಬುಟ್ಟಿಯ ನಡುಮಧ್ಯೆ, ಹಣ್ಣಿನ ಸಂದಿಯಲ್ಲಿ ಹುದುಗಿಸಿಡುವುದು ರೂಢಿ. ದಾರಿಯಲ್ಲಿ ಯಾರೂ ಕಿತ್ತು ಬಿಸಾಡಬಾರದಲ್ಲ. ಮಂಡಿಯಲ್ಲೂ ಅರವತ್ತು ಕ್ರೇಟಿಗೆ ಅರವತ್ತು ಚೀಟಿ ಹುದುಗಿಸಿದಳು. ಹಣ್ಣು ವಿಂಗಡಿಸುವ ಆವಲಮ್ಮ ಅಷ್ಟನ್ನೂ ತೆಗೆಸಿ, ಕ್ರೇಟಿನ ಹೊರಮೈಗೆ ದಪ್ಪ ಮಾರ್ಕರಿನಲ್ಲಿ ತಳಿಯ ಹೆಸರು ಬರೆಸಿದ್ದಳು.

ಅದಾಗಿ ಮೂರು ವರ್ಷ. ಬಿಲ್ಲು ಬರೆಯಲು ಬಂದವಳು ಈಗ ಮಂಡಿಯ ಕಂಪ್ಯೂಟರಿಗೆ ಯಜಮಾನಿ. ಪ್ರೋಗ್ರಾಂ ಬರೆಯುವುದನ್ನು ಬಸ್ಸಿನಲ್ಲಿ ಓಡಾಡುತ್ತ ಮೊಬೈಲಿನಲ್ಲೇ ಕಲಿತಳು. ಆ ಬಸ್ಸಿನ ವೇಗಕ್ಕೆ ಇನ್ನೂ ಎರಡು ವಿದ್ಯೆ ಕಲಿಯಬಹುದಿತ್ತು.

ಈ ಸಲ ಜ್ಯೂಸ್ ಫ್ಯಾಕ್ಟರಿಯವರು ಲಾರಿಯನ್ನು ಗೇಟಿನೊಳಗೆ ಬಿಡುವ ಟೋಕನ್ನನ್ನು ಫೋನಿನಲ್ಲಿ ಕೊಡುವುದನ್ನು ನಿಲ್ಲಿಸಿದರು. ಮಂಡಿಯ ಕಂಪ್ಯೂಟರೇ ಫ್ಯಾಕ್ಟರಿಯ ಕಂಪ್ಯೂಟರನ್ನು ಸೋಪ್ ಎಂಬ ಪದ್ಧತಿಯಲ್ಲಿ ಕೇಳಬೇಕಂತೆ. ಅದು ಎಕ್ಸ್‌ಎಂಎಲ್‌ನಲ್ಲಿ ಬರೆದ ಅರ್ಜಿ. ಒಂದೊಂದು ವಿಷಯಕ್ಕೂ ಒಂದೊಂದು ಎಲಿಮೆಂಟ್, ಅಂದರೆ ಹೆಸರಿರುವ ಡಬ್ಬಿ. "ನಾನೇ ಮಾಡ್ತೀನಿ" ಅಂದಳು. ಶ್ರೀರಾಮಪ್ಪ ವ್ಯಾಪಾರಿಯಂತೆ ಅರ್ಧ ಒಪ್ಪಿದ: ಹನ್ನೆರಡಕ್ಕೆ ದಿನದ ಟೋಕನ್ ಮುಗಿಯುತ್ತದೆ. ಅಷ್ಟರೊಳಗೆ ಟೋಕನ್ ಬರದಿದ್ದರೆ ಕಂಪ್ಯೂಟರು ಮಾಲೂರಿನ ಪ್ರೋಗ್ರಾಮರ್ ಅನಿಲ್‌ಕುಮಾರನ ಕೈಗೆ, ಆಶಾರಾಣಿ ಮತ್ತೆ ಬಿಲ್ಲಿನ ಪುಸ್ತಕಕ್ಕೆ. ಮಧ್ಯಾಹ್ನಕ್ಕೆ ಬಾ ಎಂದು ಅವನಿಗೆ ಹೇಳಿಯೂ ಆಗಿತ್ತು.

ಹನ್ನೊಂದೂವರೆಗೆ ಏಳನೇ ಸಲ ಅದೇ ಉತ್ತರ ಬಂತು: ಲೋಡಿಗೆ ತಳಿ ನಮೂದಿಸಿಲ್ಲ.

"ಐತಲ್ಲಪ್ಪ, ಲೋಡ್ ಒಳಗೇ ಐತೆ, ತೋತಾಪುರಿ ಅಂತ," ಎಂದು ಆಶಾರಾಣಿ ಪರದೆಗೆ ಸಮಜಾಯಿಷಿ ಕೊಟ್ಟಳು.

ಶ್ರೀರಾಮಪ್ಪ ಇಣುಕಿದ. "ನಿನ್ ಮಿಷನ್ನು ನಮ್ ಬೀಗ್ರ ತರ ಐತಮ್ಮ. ಎಷ್ಟ್ ಕೊಟ್ರೂ ಏನೂ ಕೊಟ್ಟಿಲ್ಲ ಅಂತದೆ."

ಬಾಗಿಲಲ್ಲಿ ಕ್ರೇಟಿನ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ ಆವಲಮ್ಮ ತಲೆ ಎತ್ತಿದಳು. "ಒಳಗ್ ಇಟ್ಟಿದ್ಯಾ ಅಮ್ಮಾಯಿ? ಮತ್ತೆ? ಗೇಟ್‌ನೋನು ಹಣ್ ಕೆದ್ಕಿ ಓದ್ತಾನಾ?"

ಆಶಾರಾಣಿ ತಟ್ಟನೆ ಪರದೆಗೆ ತಿರುಗಿದಳು. ಫ್ಯಾಕ್ಟರಿಯವರು ಕೊಟ್ಟ ಮಾದರಿಯನ್ನು ತೆಗೆದು ನೋಡಿದಳು. ತಳಿ ಲೋಡಿನೊಳಗಿನ ಇನ್ನೊಂದು ಡಬ್ಬಿಯಲ್ಲ. ಲೋಡ್ ಎಂಬ ಡಬ್ಬಿಯ ಹೊರಮೈಯಲ್ಲಿ, ಅದರ ಹೆಸರಿನ ಪಕ್ಕದಲ್ಲೇ ಬರೆಯಬೇಕಾದ ಆಟ್ರಿಬ್ಯೂಟ್. ಅವಳು ಮತ್ತೆ ಚೀಟಿ ಹುದುಗಿಸಿದ್ದಳು. ಒಳಗಿನದನ್ನು ಅಳಿಸಿ, ಲೋಡಿನ ಹೆಸರಿಗೆ ತೋತಾಪುರಿಯನ್ನು ಅಂಟಿಸಿದಳು. ತೂಕ ಮಾತ್ರ ಒಳಗೇ ಉಳಿಯಿತು.

ಹನ್ನೊಂದು ಐವತ್ತೆರಡಕ್ಕೆ ಟೋಕನ್ ಬಂತು.

"ಮೂರ್ ವರ್ಷ ಆದ್ರೂ ರಾಯಲ್ಪಾಡು ನಿನ್ನ ಬಿಟ್ಟಿಲ್ಲ ಬಿಡು," ಎಂದು ಆವಲಮ್ಮ ಹಣ್ಣಿನ ರಾಶಿಯ ಕಡೆ ನಡೆದಳು.

ಶ್ರೀರಾಮಪ್ಪ ಗಡಿಯಾರ ನೋಡಿದ. ಮಿಕ್ಕ ಎಂಟು ನಿಮಿಷವನ್ನು ಯಾರಿಗೆ ಮಾರಲಿ ಎನ್ನುವಂತಿತ್ತು ಮುಖ. "ಆ ಅನಿಲ್‌ಕುಮಾರ್‌ಗೆ ಬರೋದ್ ಬೇಡ ಅಂತ ಫೋನ್ ಮಾಡ್ಬಿಡಮ್ಮ. ಪಾಪ, ಬಸ್ ಹತ್ತಿರ್ತಾನೆ."

"ಬೆಳಗ್ಗೆ ಒಂಬತ್ತಕ್ಕೇ ಮಾಡ್ದೆ ಅಣ್ಣ," ಎಂದಳು ಆಶಾರಾಣಿ, ಟೋಕನ್ನಿನ ಹಾಳೆಯನ್ನು ಲಾರಿಯವನ ಕೈಗೆ ಕೊಡುತ್ತ.